ಮೋರಿಯ ಬಳಿಯ ಕಲ್ಲು

ಟಿಳಕವಾಡಿಯಲ್ಲಿ ನಾನಿರುವ ಓಣಿಯ ಹುಡುಗರು ಸೈನ್ಯದ ಭರತಿಗೆಂದು ದಿನಾಲೂ ಮುಂಜಾನೆ ಮೈದಾನದಲ್ಲಿ ಓಡುತ್ತಾರೆ. ಓಡಿ ದಣಿದ ಮೇಲೆ ನನ್ನ ಹತ್ತಿರ ಬಂದು ಕುಳಿತು ಕೇಳುವುದು ಎರಡೇ ಪ್ರಶ್ನೆ: ಯಾವ ಬಂದೂಕು ಹೊಡೆದಿರಿ, ಎಷ್ಟು ಮಂದಿಯನ್ನು ಹೊಡೆದಿರಿ. ನನ್ನ ಉತ್ತರ ಕೇಳಿ ಅವರಿಗೆ ಬೇಸರವಾಗುತ್ತದೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನಾನು ಹೆಚ್ಚಾಗಿ ಮಾಡಿದ್ದು ರಸ್ತೆ ನೋಡುವ ಕೆಲಸ. ಗುಂಡು ಹಾರಿಸಿದ ದಿನಗಳನ್ನು ಬೆರಳ ಮೇಲೆ ಎಣಿಸಿ ಮುಗಿಸಬಹುದು.

ಆ ಕೆಲಸ ಹೇಗಿತ್ತು ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಬಡ್ತಿ, ಪದಕ, ವರ್ಗಾವಣೆಗಳ ಪಟ್ಟಿ ಇದರಲ್ಲಿಲ್ಲ. ಒಂದು ತಪ್ಪು ಇದೆ. ಅದನ್ನು ನಾನು ವಿಚಾರಣೆಯಲ್ಲಿ ಮುಚ್ಚಿಟ್ಟೆ, ಆಮೇಲೆ ಹನ್ನೆರಡು ವರ್ಷ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಆ ತಪ್ಪಿನ ಮಾರನೇ ದಿನ ಕಾಲು ಕಳೆದುಕೊಂಡವನು ಕಣಕುಂಬಿಯ ವಿಠ್ಠಲ. ಅವನಿಗೆ ಹೇಳದೆ ನಿಮಗೆ ಹೇಳುವ ಹಾಗಿರಲಿಲ್ಲ. ಹೋದ ತಿಂಗಳು ಹೋಗಿ ಹೇಳಿ ಬಂದೆ.

ಮೊದಲು ಕೆಲಸದ ಮಾತು. ಕಾಶ್ಮೀರ ಕಣಿವೆಯಲ್ಲಿ ನಮ್ಮ ಪಲ್ಟನ್ನಿಗೆ ಒಂದು ರಸ್ತೆಯ ನಾಲ್ಕು ಕಿಲೋಮೀಟರ್ ಒಪ್ಪಿಸಿದ್ದರು. ಒಂದು ಬದಿ ಸೇಬಿನ ತೋಟ, ಇನ್ನೊಂದು ಬದಿ ಭತ್ತದ ಗದ್ದೆ, ನಡುವೆ ಡಾಂಬರು. ಸೈನ್ಯದ ಗಾಡಿಗಳ ಸಾಲು ಬರುವ ಮೊದಲು ನಾವು ಹತ್ತು ಮಂದಿ ಅಷ್ಟೂ ರಸ್ತೆಯನ್ನು ನಡೆದು ನೋಡಬೇಕು. ಎಡಬದಿಗೆ ಒಬ್ಬ, ಬಲಬದಿಗೆ ಒಬ್ಬ, ಉಳಿದವರು ಹಿಂದೆ ಮತ್ತು ತೋಟದೊಳಗೆ. ಹುಗಿದಿಟ್ಟ ಬಾಂಬು ಇದೆಯೋ ಇಲ್ಲವೋ ನೋಡಿ, ಇಲ್ಲ ಎಂದು ನಾವು ಹೇಳಿದ ಮೇಲೆ ಗಾಡಿ ಬಿಡುತ್ತಿದ್ದರು. ಸಂಜೆ ಕೊನೆಯ ಗಾಡಿ ದಾಟುವ ತನಕ ಅಲ್ಲಲ್ಲಿ ನಿಂತಿದ್ದು, ಮತ್ತೆ ಅದೇ ರಸ್ತೆಯಲ್ಲಿ ನಡೆದು ಠಾಣ್ಯಕ್ಕೆ ವಾಪಸು. ಸಿನಿಮಾದಲ್ಲಿ ಇದನ್ನು ಯಾರೂ ತೋರಿಸುವುದಿಲ್ಲ, ತೋರಿಸಿದರೆ ನೋಡುವವರಿಗೆ ನಿದ್ದೆ ಬರುತ್ತದೆ. ನಮಗೂ ಬರುತ್ತಿತ್ತು.

ನಿದ್ದೆ ಬಾರದ ಹಾಗೆ ನೋಡಿಕೊಂಡವರು ನಮ್ಮ ಪಾಟೀಲ ಸುಬೇದಾರರು. ಗಡಹಿಂಗ್ಲಜ ಕಡೆಯವರು. ಮರಾಠಿಯಲ್ಲಿ ಬೈಯಲು ಶುರು ಮಾಡಿ ಕನ್ನಡದಲ್ಲಿ ಮುಗಿಸುತ್ತಿದ್ದರು. ಅವರು ಯಾರನ್ನೂ ಹೆಸರು ಹಿಡಿದು ಕರೆದವರಲ್ಲ, ಊರು ಹಿಡಿದು ಕರೆಯುವುದು. ನಾನು ಬಸವಂತ, ಅವರಿಗೆ ಖಾನಾಪುರ. ವಿಠ್ಠಲ ಅವರಿಗೆ ಕಣಕುಂಬಿ. ಸಂಜೆ ಠಾಣ್ಯಕ್ಕೆ ಬಂದು ಬೂಟು ಬಿಚ್ಚುವ ಮೊದಲು ಪ್ರತಿಯೊಬ್ಬನೂ ಅವರ ಮುಂದೆ ನಿಂತು ಆ ದಿನದ ರಸ್ತೆಯ ಬಗ್ಗೆ ಮೂರು ಮಾತು ಹೇಳಬೇಕು. ನಿನ್ನೆ ಇರದೆ ಇವತ್ತು ಕಂಡದ್ದು, ಅಥವಾ ನಿನ್ನೆ ಇದ್ದು ಇವತ್ತು ಕಾಣದ್ದು. ಎರಡು ಹೇಳಿದರೆ ಚಹಾ ಇಲ್ಲ.

“ಏನೂ ಬದಲಾಗಿಲ್ಲ ಸಾಹೇಬ್ರ,” ಎಂದು ನಾನು ಹೊಸದರಲ್ಲಿ ಒಮ್ಮೆ ಹೇಳಿದೆ.

“ಬದಲಾಗಿಲ್ಲ ಅಂದ್ರ ನೀ ನೋಡಿಲ್ಲ ಅಂತ ಅರ್ಥ. ರಸ್ತಿ ದಿನಾ ಬದಲಾಕ್ಕೈತಿ ಖಾನಾಪುರ. ಹೋಗು, ಮತ್ತ ನಡದ ಬಾ.”

ಆ ದಿನ ಅರ್ಧ ಕಿಲೋಮೀಟರ್ ವಾಪಸು ನಡೆದು, ಮುರಿದ ಒಂದು ಅಖರೋಟಿನ ಕೊಂಬೆ, ಹೊಸ ಟೈರಿನ ಗುರುತು, ಸತ್ತ ಕಾಗೆ, ಈ ಮೂರನ್ನು ತಂದು ಒಪ್ಪಿಸಿದೆ. ಚಹಾ ತಣ್ಣಗಾಗಿತ್ತು. ಅಂದಿನಿಂದ ಕಣ್ಣು ಕೆಲಸ ಮಾಡತೊಡಗಿತು.

ನಗುವಂಥ ಪ್ರಸಂಗಗಳೂ ಇದ್ದವು. ಒಂದು ಮುಂಜಾನೆ ರಸ್ತೆಯ ಅಂಚಿಗೆ ಒಂದು ಕುಕ್ಕರ್ ಬಿದ್ದಿತ್ತು. ಹೊಸದು, ಮುಚ್ಚಳ ಬಿಗಿದಿತ್ತು. ಕುಕ್ಕರಿನಲ್ಲಿ ಬಾಂಬು ಇಡುವುದು ನಮಗೆಲ್ಲ ಗೊತ್ತಿದ್ದ ಮಾತು. ಗಾಡಿಗಳನ್ನು ನಿಲ್ಲಿಸಿ, ಬಾಂಬು ತೆಗೆಯುವ ತಂಡವನ್ನು ಕರೆಸಿ, ಮೂರು ತಾಸು ಕಾದು, ಕೊನೆಗೆ ಅದನ್ನು ಅಲ್ಲಿಯೇ ಸಿಡಿಸಿದರು. ಒಳಗೆ ಏನೂ ಇರಲಿಲ್ಲ. ಮಾರನೇ ದಿನ ಒಬ್ಬ ಮುದುಕ ಠಾಣ್ಯದ ಬಾಗಿಲಿಗೆ ಬಂದ. ಮೊಮ್ಮಗಳ ಮದುವೆಯ ಸಾಮಾನು ಸಾಗಿಸುವಾಗ ಗಾಡಿಯ ಮೇಲಿಂದ ಕುಕ್ಕರ್ ಬಿದ್ದಿತ್ತಂತೆ. ಪಾಟೀಲರು ಒಳಗೆ ಹೋಗಿ ನಮ್ಮ ಅಡುಗೆಮನೆಯ ಕುಕ್ಕರನ್ನೇ ತಂದು ಅವನ ಕೈಗಿಟ್ಟರು. ಅಡುಗೆಯವನು ಒಂದು ತಿಂಗಳು ಸುಬೇದಾರರ ಜೊತೆ ಮಾತು ಬಿಟ್ಟಿದ್ದ. ಮುದುಕ ಮಾತ್ರ ಆಮೇಲೆ ನಮ್ಮನ್ನು ಕಂಡಾಗಲೆಲ್ಲ ಕೈ ಎತ್ತುತ್ತಿದ್ದ.

ಇನ್ನು ನನ್ನ ಹೆಸರು ಮೇಲೆ ಬಂದ ಪ್ರಸಂಗ. ನಮ್ಮಪ್ಪ ಖಾನಾಪುರದ ಹೆಂಚಿನ ಭಟ್ಟಿಗಳಿಗೆ ಮಣ್ಣು ಅಗೆಯುವ ಕೆಲಸ ಮಾಡುತ್ತಿದ್ದ. ಅವ್ವ ಆ ಮಣ್ಣನ್ನು ಬುಟ್ಟಿಯಲ್ಲಿ ಹೊರುತ್ತಿದ್ದಳು. ನಾನು ಆಡಿದ್ದು, ಉಂಡದ್ದು ಎಲ್ಲ ಮಣ್ಣಿನ ಗುಂಡಿಯ ಬದಿಗೇ. ಒಳಗಿನ ಮಣ್ಣಿಗೆ ಒಂದು ಬಣ್ಣ, ಮೇಲಿನ ಮಣ್ಣಿಗೆ ಒಂದು ಬಣ್ಣ. ಅಗೆದು ಮತ್ತೆ ಮುಚ್ಚಿದರೆ ಎಷ್ಟೇ ಒತ್ತಿ ಸವರಿದರೂ ಕೆಲವು ದಿನ ಆ ಜಾಗ ಬೇರೆಯಾಗಿಯೇ ಕಾಣುತ್ತದೆ. ಇಬ್ಬನಿ ಅಲ್ಲಿ ಬೇರೆ ಥರ ಕೂರುತ್ತದೆ. ಒಂದು ದಿನ ಡಾಂಬರಿನ ಅಂಚಿನಲ್ಲಿ ಎರಡು ಕೈ ಅಗಲದ ಜಾಗ ನನಗೆ ಹಾಗೆ ಕಂಡಿತು. ಉಳಿದವರಿಗೆ ಏನೂ ಕಾಣಲಿಲ್ಲ. ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದೆ. ತಂಡ ಬಂದು ನೋಡಿದಾಗ ಕೆಳಗೆ ಒಂದು ದೊಡ್ಡ ಡಬ್ಬಿಯೇ ಇತ್ತು.

“ಹೆಂಗ ಕಂಡಿ?” ಎಂದು ಪಾಟೀಲರು ಕೇಳಿದರು.

“ನಮ್ಮಪ್ಪ ಮಣ್ಣ ಅಗ್ಯಾಂವರಿ.”

“ಹಂಗಾರ ನಿಮ್ಮಪ್ಪಗ ಒಂದ ಸಲಾಂ ಹೇಳು,” ಎಂದರು. ಅವರ ಬಾಯಿಂದ ಅಷ್ಟು ಬಂದರೆ ಬಹಳವಾಯಿತು.

ನನ್ನ ತಲೆ ತಿರುಗಿದ್ದು ಅಲ್ಲಿಂದಲೇ. ಪಲ್ಟನ್ನಿನಲ್ಲಿ ಎಲ್ಲರೂ ಮಣ್ಣು ತೋರಿಸಲು ನನ್ನನ್ನೇ ಕರೆಯತೊಡಗಿದರು. ನಾನು ಮಣ್ಣನ್ನೇ ನೋಡುತ್ತ ನಡೆಯತೊಡಗಿದೆ. ಮರ ನೋಡಲಿಲ್ಲ, ಕಂಬ ನೋಡಲಿಲ್ಲ, ಜನರ ಮುಖ ನೋಡಲಿಲ್ಲ. ಮಣ್ಣು ಸರಿ ಇದ್ದರೆ ರಸ್ತೆ ಸರಿ ಎಂದು ನನ್ನ ಮಟ್ಟಿಗೆ ತೀರ್ಮಾನವಾಗಿಹೋಗಿತ್ತು. ಭರತಿಗೆ ಹೋಗುವವರು ಇದೊಂದನ್ನು ಗಂಟು ಹಾಕಿಕೊಳ್ಳಿ: ಮೊದಲ ಸಲ ಗೆಲ್ಲಿಸಿದ ವಿದ್ಯೆಯ ಮೇಲೆ ಎರಡನೇ ಸಲ ಪೂರ್ತಿ ಭಾರ ಹಾಕಬೇಡಿ.

ಈಗ ಕಲ್ಲಿನ ಮಾತು. ಮಣ್ಣಿನ ಗುಂಡಿಯಿಂದ ಭಟ್ಟಿಗೆ ಹೋಗುವ ದಾರಿಯಲ್ಲಿ ಹೆಂಗಸರು ತಲೆಯ ಮೇಲೆ ಹಸಿಮಣ್ಣಿನ ಬುಟ್ಟಿ ಹೊತ್ತು ಬರಿಗಾಲಲ್ಲಿ ನಡೆಯುತ್ತಿದ್ದರು. ಕತ್ತು ಬಾಗಿಸುವ ಹಾಗಿಲ್ಲ, ಕಾಲ ಕೆಳಗಿನದು ಕಾಣುವುದಿಲ್ಲ. ಅದಕ್ಕೆ ಆ ದಾರಿಯಲ್ಲಿ ಖಾಲಿ ಕೈಯಲ್ಲಿ ಯಾರೇ ನಡೆಯಲಿ, ಕಲ್ಲು ಮುಳ್ಳು ಕಂಡರೆ ಕಾಲಿಂದ ಸರಿಸಿಯೇ ಮುಂದೆ ಹೋಗುವುದು ರೂಢಿ. ನಾನು ಒಮ್ಮೆ ದಾಟಿ ಹೋದದ್ದಕ್ಕೆ ಅವ್ವ ಬುಟ್ಟಿ ಹೊತ್ತುಕೊಂಡೇ ನಿಂತು ಬೈದಿದ್ದಳು.

“ಬುಟ್ಟಿ ಹೊತ್ತಾಕಿಗೆ ಕೆಳಗಿಂದ ಕಾಣೂದಿಲ್ಲೋ. ಬಂದ ಸರಸು ಅದನ್ನ.”

ಅಂದಿನಿಂದ ನನ್ನ ಕಾಲು ನನ್ನನ್ನು ಕೇಳದೆಯೇ ಕಲ್ಲು ಸರಿಸುತ್ತಿತ್ತು.

ಕಣಿವೆಯ ಆ ರಸ್ತೆಯಲ್ಲಿ ಮೂರನೇ ಕಿಲೋಮೀಟರಿನ ಹತ್ತಿರ ಒಂದು ಮೋರಿ ಇತ್ತು. ಗದ್ದೆಯ ನೀರು ರಸ್ತೆಯ ಕೆಳಗೆ ಹಾಯ್ದು ತೋಟದ ಕಡೆಗೆ ಹೋಗಲು ಕಟ್ಟಿದ್ದು. ಒಂದು ದಿನ ಸಂಜೆ ನಾಲ್ಕರ ಸುಮಾರಿಗೆ ವಾಪಸು ನಡೆಯುತ್ತಿದ್ದೆವು. ನಾನು ಮುಂದೆ, ವಿಠ್ಠಲ ಬಹಳ ಹಿಂದೆ. ಮೋರಿಯ ಬಳಿ, ಡಾಂಬರಿನ ಅಂಚಿಗೆ, ತೆಂಗಿನಕಾಯಿ ಗಾತ್ರದ ಒಂದು ಕಲ್ಲಿತ್ತು. ಮುಂಜಾನೆ ಇರಲಿಲ್ಲ. ಅದರ ಒಂದು ಮೈ ಬೆಳ್ಳಗೆ ಕಂಡ ಹಾಗೆ ನೆನಪು. ಕೆಲಸ ಮುಗಿದಿತ್ತು, ಚಹಾದ ಯೋಚನೆ ತಲೆಯಲ್ಲಿತ್ತು. ಕಾಲು ತಾನಾಗಿ ಹೋಗಿ ಕಲ್ಲನ್ನು ಪಕ್ಕದ ಗಟಾರಕ್ಕೆ ತಳ್ಳಿತು. ನಾನು ಮುಂದೆ ನಡೆದೆ.

ಅಂದು ಸಂಜೆ ಪಾಟೀಲರ ಮುಂದೆ ನಾನು ಹೇಳಿದ ಮೂರು ಮಾತು ಇವು: ಗದ್ದೆಗೆ ಹೊಸ ನೀರು ಬಿಟ್ಟಿದ್ದಾರೆ, ಅಂಗಡಿಯವನು ತಗಡು ಬದಲಿಸಿದ್ದಾನೆ, ಒಂದನೇ ಕಿಲೋಮೀಟರಿನಲ್ಲಿ ನೀರಿನ ಪೈಪಿಗೆಂದು ರಸ್ತೆಯ ಬದಿ ಅಗೆದಿದ್ದಾರೆ. ಮೂರನೇ ಮಾತು ಕೇಳಿ ಪಾಟೀಲರು ಹೇಳಿದರು, “ಅಗದ ಮಣ್ಣಂದ್ರ ನಿನ್ನ ಕೆಲಸ. ನಾಳಿ ನೀ ಅಲ್ಲೇ ನಿಂದರು. ನಿನ್ನ ಎಡಬದಿ ಕಣಕುಂಬಿ ನೋಡ್ಲಿ.”

ಹೀಗೆ ಮಾರನೇ ಮುಂಜಾನೆ ನನ್ನ ಜಾಗದಲ್ಲಿ ವಿಠ್ಠಲ ನಡೆದ. ಎಡಬದಿ ಪೂರ್ತಿ ನೋಡಿದ, ಮೋರಿಯ ಕೆಳಗೆ ಬಗ್ಗಿ ನೋಡಿದ, ಸರಿ ಇದೆ ಎಂದು ಹೇಳಿದ. ಮೊದಲ ಗಾಡಿ ಕಂಡಾಗ ಮೋರಿಯ ಮೇಲೆ ನಿಂತು ಬರಲು ಕೈ ಮಾಡಿದ. ಗಾಡಿ ಇನ್ನೂ ನೂರು ಹೆಜ್ಜೆ ದೂರ ಇರುವಾಗಲೇ ಬಾಂಬು ಸಿಡಿಯಿತು.

ನಾನು ಓಡಿ ಹೋಗುವಷ್ಟರಲ್ಲಿ ಅವನ ತೊಡೆಗೆ ಪಟ್ಟಿ ಬಿಗಿದಿದ್ದರು. ಎಡಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಅವನಿಗೆ ಪ್ರಜ್ಞೆ ಇತ್ತು. “ಗಾಡ್ಯಾಗಿನ ಮಂದಿ ಅರಾಮ ಅದಾರೇನ ದಾದಾ?” ಎಂದು ಕೇಳಿದ. ಅರಾಮ ಇದ್ದಾರೆ ಎಂದೆ. ಇದ್ದದ್ದು ಖರೆ, ಇನ್ಯಾರಿಗೂ ಏನೂ ಆಗಿರಲಿಲ್ಲ. ಹೆಲಿಕಾಪ್ಟರ್ ಬರುವ ತನಕ ಅವನ ತಲೆ ನನ್ನ ತೊಡೆಯ ಮೇಲಿತ್ತು.

ಹತ್ತು ದಿನದ ಮೇಲೆ ವಿಚಾರಣೆ ನಡೆಯಿತು. ಬೇರೆ ಕಡೆಯಿಂದ ಬಂದ ಒಬ್ಬ ಮೇಜರ್ ಸಾಹೇಬರು ಟೇಬಲ್ಲಿನ ಹಿಂದೆ, ಪಾಟೀಲರು ಬದಿಗೆ. ಬಾಂಬನ್ನು ಮೋರಿಯ ಗೋಡೆಯ ಹಿಂದೆ ಗದ್ದೆಯ ಕಡೆಯಿಂದ ಹುಗಿದಿದ್ದರು, ಅದೂ ಎಷ್ಟೋ ವಾರಗಳ ಹಿಂದೆ. ಮೇಲೆ ಹುಲ್ಲು ಬೆಳೆದಿತ್ತು. ಮಣ್ಣು ನೋಡಿ ಹೇಳುವಂತಿರಲಿಲ್ಲ. ಸಿಡಿಸಿದವನು ಸೇಬಿನ ತೋಟದೊಳಗೆ ದೂರದಲ್ಲಿ ಕೂತಿದ್ದ. ಅಷ್ಟು ದೂರದಿಂದ ಗಾಡಿ ಸರಿಯಾಗಿ ಬಾಂಬಿನ ಮೇಲೆ ಬಂತೋ ಇಲ್ಲವೋ ತಿಳಿಯಲು ರಸ್ತೆಯ ಮೇಲೆ ಒಂದು ಗುರುತು ಬೇಕು. ಸಾಹೇಬರು ಅದನ್ನು ವಿವರಿಸಿ, ಗಟಾರದಲ್ಲಿ ಸಿಕ್ಕಿದ್ದೆಂದು ಒಂದು ಕಲ್ಲನ್ನು ಟೇಬಲ್ಲಿನ ಮೇಲಿಟ್ಟರು. ತೆಂಗಿನಕಾಯಿ ಗಾತ್ರದ್ದು. ಒಂದು ಮೈಗೆ ಸುಣ್ಣ ಬಳಿದಿತ್ತು.

“ಹಿಂದಿನ ದಿನ ಇದು ರಸ್ತೆಯ ಮೇಲೆ ಇತ್ತೇ?” ಎಂದು ಹಿಂದಿಯಲ್ಲಿ ಕೇಳಿದರು.

“ನಾನು ನೋಡಿಲ್ಲ ಸಾಬ್,” ಎಂದೆ.

ಯಾಕೆ ಹಾಗೆ ಹೇಳಿದೆ ಎಂದು ಕೇಳಿದರೆ ಉತ್ತರ ಸಣ್ಣದು: ಹೆದರಿದೆ. ಮಣ್ಣು ನೋಡಿ ಬಾಂಬು ಹಿಡಿದ ಖಾನಾಪುರ ಎಂಬ ಹೆಸರಿತ್ತು. ಅದು ಹೋಗುತ್ತದೆಂದು ಹೆದರಿದೆ. ಕಲ್ಲು ಅಲ್ಲಿಯೇ ಇದ್ದಿದ್ದರೆ ಪಾಟೀಲರ ಮುಂದೆ ಯಾರದಾದರೂ ಮೂರು ಮಾತಿನಲ್ಲಿ ಅದು ಬರುತ್ತಿತ್ತು, ಮಾರನೇ ದಿನ ಗಾಡಿಯನ್ನೇ ಬಿಡುತ್ತಿರಲಿಲ್ಲ. ಆಮೇಲೆ ನನಗೊಂದು ಸಮಾಧಾನವೂ ಹೊಳೆಯಿತು. ಕಲ್ಲಿನ ಗುರುತು ಕಾಣದ್ದಕ್ಕೇ ಆ ಮನುಷ್ಯ ಅಂದಾಜಿನ ಮೇಲೆ ಬೇಗ ಸಿಡಿಸಿದ, ಇಲ್ಲದಿದ್ದರೆ ಗಾಡಿಯೇ ಸಿಡಿದುಹೋಗುತ್ತಿತ್ತು ಎಂದು. ಇರಬಹುದು. ಆದರೆ ಆ ಸಮಾಧಾನವನ್ನು ನಾನು ಕಟ್ಟಿಕೊಂಡದ್ದು ಸುಳ್ಳು ಹೇಳಿದ ಮೇಲೆ.

ವಿಚಾರಣೆಯ ಮಾರನೇ ಮುಂಜಾನೆ ಪಾಟೀಲರು ನಮ್ಮೆಲ್ಲರನ್ನೂ ಸಾಲಾಗಿ ನಿಲ್ಲಿಸಿದರು. “ಇವತ್ತಿಂದ ರಸ್ತಿ ಮ್ಯಾಲಿನ ಯಾವ ವಸ್ತುವಿಗೂ ಯಾರ ಕಾಲೂ ಹತ್ತಬಾರದು. ರಸ್ತಿ ಸ್ವಚ್ಛ ಮಾಡಾಕ ಸರಕಾರ ಬ್ಯಾರೆ ಮಂದಿ ಇಟ್ಟೈತಿ,” ಎಂದರು. ಎಲ್ಲರೂ ನಕ್ಕರು. ಅವರು ನಗಲಿಲ್ಲ, ನನ್ನ ಬೂಟಿನ ಕಡೆ ನೋಡಿದರು. ಅಥವಾ ನನಗೆ ಹಾಗನ್ನಿಸಿತು. ಅವರು ನಿವೃತ್ತರಾಗಿ ಊರಿಗೆ ಹೋದರು, ಎರಡು ವರ್ಷದಲ್ಲಿ ತೀರಿಕೊಂಡರು. ಕಲ್ಲಿನ ಸಂಗತಿ ಅವರಿಗೆ ಗೊತ್ತಾಗಿತ್ತೇ ಎಂದು ನಾನು ಕೊನೆಗೂ ಕೇಳಲಿಲ್ಲ.

ಆಮೇಲೆ ಕೆಲಸದ ರೀತಿ ಬಹಳ ಬದಲಾಯಿತು. ಲೋಹ ಹುಡುಕುವ ಯಂತ್ರ ಮೊದಲೂ ಇತ್ತು, ಸೋಡಾ ಬಾಟಲಿಯ ಮುಚ್ಚಳಕ್ಕೆಲ್ಲ ಕಿರುಚುತ್ತಿತ್ತು. ಕಬ್ಬಿಣವಿಲ್ಲದ ಬಾಂಬು ಬಂದ ಮೇಲೆ ಅದು ಕಿರುಚುವುದನ್ನೂ ಬಿಟ್ಟಿತು. ರಾಣಿ ಎಂಬ ನಾಯಿ ಬಂತು. ವಾಸನೆ ಹತ್ತಿದರೆ ಸುಮ್ಮನೆ ಕುಳಿತುಬಿಡುತ್ತಿತ್ತು. ನಮ್ಮೆಲ್ಲರಿಗಿಂತ ಹೆಚ್ಚು ಮರ್ಯಾದೆ ಅದಕ್ಕಿತ್ತು, ಅದು ನ್ಯಾಯವೇ. ಮೊಬೈಲಿನ ಅಲೆ ತಡೆಯುವ ಗಾಡಿ ಬಂತು. ಅದು ಹೋದಲ್ಲೆಲ್ಲ ಊರವರ ಫೋನು ಬಂದ್ ಆಗಿ ಅವರ ಶಾಪ ನಮಗೆ ಹತ್ತುತ್ತಿತ್ತು. ಇಷ್ಟೆಲ್ಲ ಬಂದರೂ ಮುಂದೆ ಒಬ್ಬ ಮನುಷ್ಯ ನಡೆದು ನೋಡುವುದು ಮಾತ್ರ ನಿಲ್ಲಲಿಲ್ಲ.

ಕೊನೆಯ ಮೂರು ವರ್ಷ ನಾನು ಹೊಸಬರಿಗೆ ಪಾಠ ಹೇಳುತ್ತಿದ್ದೆ. “ಒಬ್ಬ ಜವಾನ ರಸ್ತೆಯ ಮೇಲಿನ ಕಲ್ಲು ಒದ್ದ” ಎಂದು ಈ ಕಥೆಯನ್ನೂ ಹೇಳುತ್ತಿದ್ದೆ. “ಅಂಥಾ ಹುಚ್ಚ ಯಾರ್ರಿ ಸರ್?” ಎಂದು ಅವರು ನಗುತ್ತಿದ್ದರು. ಯಾರೋ ಒಬ್ಬ ಎನ್ನುತ್ತಿದ್ದೆ.

ಊರಿಗೆ ಬಂದ ಮೇಲೆ ಕಲ್ಲಿನ ಹತ್ತಿರ ಹೋಗುವುದನ್ನೇ ಕಾಲು ಮರೆಯಿತು. ಮೊದಲನೇ ರೈಲ್ವೆ ಗೇಟಿನ ಹತ್ತಿರ ರಸ್ತೆಯಲ್ಲಿ ಒಂದು ಇಟ್ಟಂಗಿ ಬಿದ್ದಿದ್ದರೂ ನಾನು ದೂರದಿಂದ ಸುತ್ತು ಹಾಕುತ್ತೇನೆ. “ಒಂದ ಇಟ್ಟಂಗಿಗೆ ಇಷ್ಟ ಸುತ್ತ ಹಾಕಿದ್ರ ಬಾಜಾರ ಮುಟ್ಟೂದು ಯಾವಾಗ್ರೀ?” ಎಂದು ಹೆಂಡತಿ ಬೈಯುತ್ತಾಳೆ. ಅವಳಿಗೂ ಹೇಳಿರಲಿಲ್ಲ. ವಿಠ್ಠಲನ ಮಗಳ ತೊಟ್ಟಿಲಿಗೆ ಹೋಗಿದ್ದೆ, ಉಂಡೆ, ಬಂದೆ. ಖಾನಾಪುರದ ಬಸ್‌ಸ್ಟ್ಯಾಂಡಿನಲ್ಲಿ ಎರಡು ಸಲ ಸಿಕ್ಕಿದ್ದ. ಆಗಲೂ ಹೇಳಲಿಲ್ಲ. ಈ ಬರಹ ಶುರು ಮಾಡಿ ಮೋರಿಯ ತನಕ ಬಂದಾಗ ಪೆನ್ನು ನಿಂತಿತು. ಮಾರನೇ ದಿನ ಜಾಂಬೋಟಿ ಮೇಲೆ ಹಾಯ್ದು ಕಣಕುಂಬಿಗೆ ಹೋಗುವ ಬಸ್ಸು ಹತ್ತಿದೆ.

ವಿಠ್ಠಲ ಕಣಕುಂಬಿಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದಾನೆ. ನಾನು ಹೋದಾಗ ನಾಚಣಿ, ಅಂದರೆ ರಾಗಿ, ಬೀಸುತ್ತಿದ್ದ. ಹುಬ್ಬಿನ ತನಕ ಹಿಟ್ಟು. ಕೃತಕ ಕಾಲಿನ ಮೇಲೆ ದಿನಪೂರ್ತಿ ನಿಂತೇ ಕೆಲಸ.

“ಅರೆ, ಬಸವಂತ ದಾದಾ! ಬಾ, ಕುಂದರು. ಫೋನ ಮಾಡಿ ಬರಬಾರದೇನ?”

“ಗಿರಣಿ ಬಂದ್ ಮಾಡ ವಿಠ್ಠಲಾ. ಒಂದ ಮಾತ ಹೇಳೂದೈತಿ.”

ಅವನು ಬಂದ್ ಮಾಡಿದ. ಗಿರಣಿಯ ಪಟ್ಟಾ ತಿರುಗುತ್ತ ತಿರುಗುತ್ತ ನಿಧಾನಕ್ಕೆ ನಿಂತಿತು. ನಿಂತ ಮೇಲೆ ಹೇಳಿದೆ. ಕಲ್ಲು ಎಲ್ಲಿತ್ತು, ಹೇಗಿತ್ತು, ಯಾವ ಕಾಲಿನಿಂದ ತಳ್ಳಿದೆ, ವಿಚಾರಣೆಯಲ್ಲಿ ಏನು ಹೇಳಿದೆ, ಎಲ್ಲ. ಅವನು ಕೈಯ ಹಿಟ್ಟು ಕೊಡವುತ್ತಲೇ ಇದ್ದ.

“ಹಿಂದಿನ ದಿನಾನ ಗಟಾರಕ್ಕ ಬಿದ್ದಿತ್ತು ಅದು?” ಎಂದು ಕೇಳಿದ.

“ಹೌದು.”

“ನಾ ನೋಡೂ ಮೊದಲ?”

“ಹೌದೋ. ನೀ ನೋಡಾಕ ಅಲ್ಲಿ ಏನೂ ಇರಲಿಲ್ಲ.”

ಅವನು ಹಿಟ್ಟಿನ ಚೀಲದ ಮೇಲೆ ಕುಳಿತ. ಆಮೇಲೆ ಹೇಳಿದ್ದು ನನಗೆ ಗೊತ್ತಿರದ ಮಾತು. ಅವನು ಆಸ್ಪತ್ರೆಯಲ್ಲಿದ್ದಾಗ ಒಬ್ಬ ಅಧಿಕಾರಿ ಬಂದು ವಿಚಾರಣೆಯ ವರದಿಯನ್ನು ಓದಿ ಹೇಳಿದ್ದರಂತೆ. ಗುರುತಿನ ಕಲ್ಲು ರಸ್ತೆಯ ಮೇಲೆ ಇದ್ದು ಸ್ಫೋಟಕ್ಕೆ ಹಾರಿ ಗಟಾರಕ್ಕೆ ಬಿದ್ದಿರಬೇಕು, ಎಡಬದಿ ನೋಡುವವನ ಗಮನಕ್ಕೆ ಅದು ಬರಲಿಲ್ಲ ಎಂದು ಅದರಲ್ಲಿತ್ತು. ಎಡಬದಿ ನೋಡುವವನು ಎಂದರೆ ವಿಠ್ಠಲ.

“ಹನ್ನೆರಡ ವರ್ಷ ಆತು ದಾದಾ. ದಿನಾ ಮಕ್ಕೊಂಡಾಗ ಆ ರಸ್ತಿ ನಡೀತೇನಿ. ಎಲ್ಲಿ ಇತ್ತು ಕಲ್ಲು, ನನಗ ಹೆಂಗ ಕಾಣಲಿಲ್ಲ ಅಂತ ಹುಡುಕತೇನಿ. ಅಂದ್ರ ನಾ ಕುರುಡ ಇರಲಿಲ್ಲ.”

“ಇರಲಿಲ್ಲೋ.”

“ಕಾಲಿನ ಮಾತ ಬಿಡು. ಅದನ್ನ ಬಾಂಬ ಇಟ್ಟಾಂವ ತಗದ, ನೀ ತಗೀಲಿಲ್ಲ. ಕಲ್ಲ ನಾನೂ ಸರಸತಿದ್ನೇನೋ, ನಮ್ಮೂರಾಗೂ ಹಂಗ ಮಾಡತಾರ. ಆದ್ರ ಇಷ್ಟ ವರ್ಷ ನನ್ನ ಕುರುಡ ಮಾಡಿ ಕುಂದರಸಿದೆಲ್ಲ, ಅದಕ್ಕೇನ ಹೇಳ್ಲಿ ನಿನಗ?”

ನನಗೆ ಅಳು ಬಂತು. ನನ್ನ ವಯಸ್ಸಿಗೆ ಅದನ್ನು ಬರೆಯಲು ನಾಚಿಕೆಯಿಲ್ಲ. ಅವನು ನನ್ನನ್ನು ಸಮಾಧಾನ ಮಾಡಲಿಲ್ಲ. ಒಳಗಿನಿಂದ ಹೆಂಡತಿಯನ್ನು ಕರೆದ. ತನ್ನ ತಪ್ಪಿನಿಂದಲೇ ಕಾಲು ಹೋಯಿತೆಂದು ಅವಳಿಗೆ ಮೊದಲಿನಿಂದಲೂ ಹೇಳಿದ್ದನಂತೆ.

“ಈಕಿಗೆ ಇನ್ನೊಮ್ಮೆ ಹೇಳು,” ಎಂದ.

ಹೇಳಿದೆ. ಆ ತಾಯಿ ಕೇಳಿ, ಗಂಡನ ಮುಖ ನೋಡಿ, ಒಳಗೆ ಹೋಗಿ ಚಹಾ ತಂದಳು. ಚಹಾ ಕುಡಿಯುವಾಗ ವಿಠ್ಠಲ ಮತ್ತೆ ಮಾತಾಡಿದ.

“ಬರದ ಕೊಡು. ಯಾರೋ ಒಬ್ಬ ಅಂತ ಅಲ್ಲ. ನಿನ್ನ ಹೆಸರ ಹಾಕು, ನನ್ನ ಹೆಸರೂ ಹಾಕು. ಮಗಳು ಓದಾಕ ಕಲತಾಳ.”

ಇಷ್ಟು ಹೇಳಿ ಎದ್ದು ಗಿರಣಿ ಚಾಲೂ ಮಾಡಿದ. ಆ ಸದ್ದಿನಲ್ಲಿ ಮುಂದೆ ಮಾತು ಸಾಧ್ಯವಿರಲಿಲ್ಲ. ಹೊರಡುವಾಗ ಕೈ ಎತ್ತಿದೆ, ಅವನೂ ಎತ್ತಿದನೋ ಇಲ್ಲವೋ ಹಿಟ್ಟಿನ ಧೂಳಿನಲ್ಲಿ ಕಾಣಲಿಲ್ಲ. ವರದಿಯನ್ನು ತಿದ್ದಬೇಕೆಂದು ಪಲ್ಟನ್ನಿಗೂ ಪತ್ರ ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ, ಬರುತ್ತದೋ ಇಲ್ಲವೋ ಗೊತ್ತಿಲ್ಲ. ಪಾಟೀಲ ಸುಬೇದಾರರಂತೂ ಈಗ ಇಲ್ಲ. ಆದರೂ ಆ ಸಂಜೆ ಅವರ ಮುಂದೆ ನಿಂತು ಬೂಟು ಬಿಚ್ಚುವ ಮೊದಲು ನಾನು ಹೇಳಬೇಕಾಗಿದ್ದ ಮೂರು ಮಾತನ್ನು ಇಲ್ಲಿ ಹೇಳಿ ಮುಗಿಸುತ್ತೇನೆ.

ಒಂದು, ಮೂರನೇ ಕಿಲೋಮೀಟರಿನ ಮೋರಿಯ ಬಳಿ ಮುಂಜಾನೆ ಇರದಿದ್ದ ಒಂದು ಕಲ್ಲು ಸಂಜೆ ಇತ್ತು ಸಾಹೇಬರೇ, ಅದರ ಒಂದು ಮೈ ಬೆಳ್ಳಗಿತ್ತು. ಎರಡು, ಅದನ್ನು ಕಾಲಿನಿಂದ ಗಟಾರಕ್ಕೆ ತಳ್ಳಿದವನು ನಾನು, ಖಾನಾಪುರದ ಬಸವಂತ. ಮೂರು, ನಾಳೆ ಎಡಬದಿ ನೋಡುವ ಕಣಕುಂಬಿಯ ವಿಠ್ಠಲನ ಕಣ್ಣು ಚೆನ್ನಾಗಿದೆ.